ಯಜಮಾನರ ಕಣ್ಣು ಅಳೆಯಲು ಮ್ಯಾನ್‌ಹಟನ್‌ಗೆ

ಫೆಬ್ರವರಿಯ ಒಂದು ಶನಿವಾರ ಬೆಳಿಗ್ಗೆ ಎಂಟಕ್ಕೆ ಈಸ್ಟ್ ಬ್ರನ್ಸ್‌ವಿಕ್‌ನ ಮನೆ ಬಿಟ್ಟೆವು. ಕಾರು ಓಡಿಸಿದವರು ನನ್ನ ಯಜಮಾನರು, ಶ್ರೀನಾಥ್. ನ್ಯೂ ಬ್ರನ್ಸ್‌ವಿಕ್ ಸ್ಟೇಷನ್ನಿಗೆ ಕಾಲು ಗಂಟೆ, ಅಲ್ಲಿಂದ ಮ್ಯಾನ್‌ಹಟನ್‌ಗೆ ರೈಲಿನಲ್ಲಿ ಹೆಚ್ಚು ಕಡಿಮೆ ಒಂದು ಗಂಟೆ. ಇಬ್ಬರಿಗೂ ಹೋಗಿಬರುವ ಟಿಕೆಟ್ಟು ಅರವತ್ತು ಡಾಲರ್ ದಾಟಿತು.

"ಈ ದುಡ್ಡಿಗೆ ಎಡಿಸನ್‌ನಲ್ಲಿ ನಮ್ಮೋರ ಹೋಟೆಲಲ್ಲಿ ಹೊಟ್ಟೆ ಬಿರಿಯೋ ಹಾಗೆ ದೋಸೆ ತಿನ್ನಬಹುದಿತ್ತು ಕಣೆ," ಎಂದರು.

"ಸುಮ್ನೆ ಬನ್ನಿ ರೀ. ಇವತ್ತು ನೀವು ನನ್ನ ಪೇಷೆಂಟು."

ನಲವತ್ತಾರನೇ ವಯಸ್ಸಿನಲ್ಲಿ ನಾನು ಮತ್ತೆ ವಿದ್ಯಾರ್ಥಿನಿಯಾಗಿದ್ದೆ. ಕಣ್ಣಿನ ಡಾಕ್ಟರು ರೋಗಿಯನ್ನು ನೋಡುವ ಮೊದಲು ದೃಷ್ಟಿ, ಕಣ್ಣಿನ ಒತ್ತಡ ಎಲ್ಲವನ್ನೂ ಅಳೆದು ಕೊಡುವ ಟೆಕ್ನಾಲಜಿಸ್ಟ್ ಆಗಲು ಎರಡು ವರ್ಷದ ಕೋರ್ಸು. ಅದರ ಕೊನೆಯ ಸೆಮಿಸ್ಟರ್. ಯಂತ್ರಗಳ ಮೇಲೆ ಕೈ ಪಳಗಲೆಂದು ಪ್ರತಿಯೊಬ್ಬರೂ ಮನೆಯಿಂದ ಒಬ್ಬರನ್ನು ಕೋರ್ಸಿನ ಕ್ಲಿನಿಕ್ಕಿಗೆ ಕರೆತರಬೇಕಿತ್ತು. ಮಗಳು ದೂರದ ಕಾಲೇಜಿನಲ್ಲಿದ್ದಳು. ಮನೆಯಲ್ಲಿ ಉಳಿದಿದ್ದವರು ಇವರೊಬ್ಬರೇ.

ಮೆಟ್ರೋಪಾರ್ಕ್ ಸ್ಟೇಷನ್ ದಾಟಿದ ಮೇಲೆ ಮೆಂತ್ಯ ಚಪಾತಿಯ ಡಬ್ಬಿ ತೆರೆದೆವು. ಹಳಿಯ ಪಕ್ಕದ ಹಿಮಕ್ಕೆ ಮಸಿ ಹಿಡಿದಿತ್ತು. "ನಾನೇನು ಓದ್ಕೊಂಡು ಬರ್ಬೇಕಿತ್ತಾ?" ಎಂದು ಕೇಳಿದರು. ಪಕ್ಕದ ಸೀಟಿನವರು ತಿರುಗಿ ನೋಡುವಷ್ಟು ಜೋರಾಗಿ ನಕ್ಕೆ. ಮ್ಯಾನ್‌ಹಟನ್ನಿನ ಪೆನ್ ಸ್ಟೇಷನ್ನಿನಿಂದ ಕ್ಲಿನಿಕ್ಕಿಗೆ ಗಾಳಿಯಲ್ಲಿ ನಡೆದೇ ಹೋದೆವು. ದಾರಿಯಲ್ಲಿ ಇವರು ಇಬ್ಬರು ಮೂವರ ಭುಜಕ್ಕೆ ತಾಗಿ "ಸಾರಿ, ಸಾರಿ" ಅನ್ನುತ್ತಿದ್ದರು. ನೋಡಿಕೊಂಡು ನಡೆಯಿರಿ ಎಂದು ಬೈದೆ.

ದೃಷ್ಟಿಯ ಹರವು ಅಳೆಯುವ ಯಂತ್ರ ದೊಡ್ಡ ಬಿಳಿ ಬೋಗುಣಿಯ ಹಾಗಿರುತ್ತದೆ. ಗದ್ದ ಊರಿ, ಒಂದು ಕಣ್ಣು ಮುಚ್ಚಿ, ನಡುವಿನ ದೀಪವನ್ನೇ ದಿಟ್ಟಿಸಬೇಕು. ಸುತ್ತಲೂ ಎಲ್ಲಾದರೂ ಬೆಳಕಿನ ಚುಕ್ಕಿ ಕಂಡರೆ ಕೈಯಲ್ಲಿರುವ ಬಟನ್ ಒತ್ತಬೇಕು. ಇವರು ಟಕಟಕನೆ ಒತ್ತಿದರು. ನನಗೆ ಹೆಮ್ಮೆಯಾಯಿತು. ಆದರೆ ಕಲಿಸುವ ಡೊಲೊರೆಸ್ ಮೇಡಂ ಸ್ಕ್ರೀನ್ ನೋಡಿ ತಲೆಯಾಡಿಸಿದರು. ಬೆಳಕು ಬರದಿದ್ದಾಗಲೂ ಒತ್ತುತ್ತಿದ್ದಾರೆ, ಈ ಪರೀಕ್ಷೆ ನಡೆಯುವುದಿಲ್ಲ, ಇನ್ನೊಮ್ಮೆ ಮಾಡು ಎಂದರು.

"ಏನ್ರೀ ಇದು?" ಎಂದು ಕೇಳಿದೆ.

"ತುಂಬ ಹೊತ್ತು ಏನೂ ಕಾಣ್ಲಿಲ್ಲ," ಎಂದರು ಮೆಲ್ಲಗೆ. "ಒತ್ತದೇ ಇದ್ರೆ ಮೇಡಂ ನಿನಗೆ ಮಾರ್ಕ್ಸ್ ಕಟ್ ಮಾಡ್ತಾರೇನೋ ಅಂತ..."

ನನಗೆ ಸಿಟ್ಟು ಬಂತು. ಒಬ್ಬರ ಪರೀಕ್ಷೆಗೆ ಮನೆಮಂದಿಯೆಲ್ಲ ಕೂತು ಬರೆಯುವ ಜನ ನಾವು. "ಕಂಡ್ರೆ ಮಾತ್ರ ಒತ್ತಿ. ಕಾಣದಿದ್ರೆ ಕೈ ಕಟ್ಕೊಂಡಿರಿ. ನನ್ನ ಮಾನ ತೆಗೀಬೇಡಿ," ಎಂದು ಗದರಿದೆ.

ಎರಡನೇ ಸಲ ನಾನು ಹೇಳಿದಂತೆಯೇ ಮಾಡಿದರು. ಬಟನ್ನಿನ ಸದ್ದು ಅಪರೂಪವಾಯಿತು. ಸ್ಕ್ರೀನಿನಲ್ಲಿ, ಕಾಣದ ಜಾಗವನ್ನು ತೋರಿಸುವ ಕಪ್ಪು ಅಂಚಿನಿಂದ ಒಳಕ್ಕೆ ತುಂಬುತ್ತಾ ಬಂತು. ನಡುವೆ ಬೆಳ್ಳಗೆ ಒಂದಿಷ್ಟು ಜಾಗ ಮಾತ್ರ ಉಳಿಯಿತು. ಇನ್ನೊಂದು ಕಣ್ಣೂ ಹಾಗೆಯೇ. ಕಣ್ಣು ಮುಚ್ಚಿದ ಪಟ್ಟಿ ನೋಡಿದೆ, ಲೆನ್ಸ್ ನೋಡಿದೆ, ತಲೆ ವಾಲಿದೆಯೇ ಎಂದು ನೋಡಿದೆ. ನನ್ನ ಕೆಲಸದಲ್ಲಿ ಒಂದಾದರೂ ತಪ್ಪು ಸಿಗಲಿ ಎಂದು ದೇವರನ್ನು ಬೇಡಿಕೊಂಡೆ. ಸಿಗಲಿಲ್ಲ.

ಡೊಲೊರೆಸ್ ಮೇಡಂ ತಾವೇ ಕಣ್ಣಿನ ಒತ್ತಡ ಅಳೆದರು, ನನ್ನನ್ನು ಹೊರಗೆ ಕರೆದರು. ಸೋಮವಾರ ಒಂಬತ್ತಕ್ಕೆ ಡಾಕ್ಟರು ನೋಡುತ್ತಾರೆ ಎಂದರು. "ನಾವು ಅಳೆಯುವವರು. ಏನಾಗಿದೆ ಎಂದು ಹೇಳುವವರು ಡಾಕ್ಟರು. ಗೊತ್ತಲ್ಲ?" ಗೊತ್ತಿತ್ತು, ಮೊದಲ ವಾರವೇ ಕಲಿತ ನಿಯಮ ಅದು. ಕಣ್ಣಿನ ಒತ್ತಡ ಏರಿ ನೋಟವನ್ನು ಅಂಚಿನಿಂದ ತಿನ್ನುತ್ತಾ ಬರುವ ಗ್ಲಾಕೋಮಾದಿಂದ ಹೋದ ದೃಷ್ಟಿ ಮರಳುವುದಿಲ್ಲ, ಉಳಿದದ್ದನ್ನಷ್ಟೇ ಕಾಪಾಡಬಹುದು ಎಂಬುದೂ ಗೊತ್ತಿತ್ತು. ಅದನ್ನು ಬರೆದು ಒಳ್ಳೆಯ ಮಾರ್ಕ್ಸ್ ತೆಗೆದುಕೊಂಡಿದ್ದೆ.

ಮರಳುವ ರೈಲಿನಲ್ಲಿ "ಎಷ್ಟು ಬಂತು?" ಎಂದು ಕೇಳಿದರು. ಸೋಮವಾರ ಡಾಕ್ಟರು ನೋಡಬೇಕಂತೆ ಎಂದೆ. ನ್ಯೂವರ್ಕ್ ಸ್ಟೇಷನ್ ಬಂತು, ಹೋಯಿತು. ನಾನು ಕಿಟಕಿಯ ಕಡೆ ಮುಖ ಮಾಡಿ ಅತ್ತೆ. ಪಕ್ಕದಲ್ಲೇ ಕೂತು ಅವರಿಗೆ ಕಾಣದಂತೆ ಅಳುವುದು ಎಷ್ಟು ಸುಲಭ ಎಂದು ತಿಳಿದು ಮತ್ತಷ್ಟು ಅಳು ಬಂತು.

ನ್ಯೂ ಬ್ರನ್ಸ್‌ವಿಕ್‌ನಲ್ಲಿ ಇಳಿದಾಗ ಸಂಜೆ ಐದೂವರೆ, ಕತ್ತಲಾಗುತ್ತಿತ್ತು. ಅಭ್ಯಾಸದಂತೆ ಡ್ರೈವರ್ ಸೀಟಿನ ಕಡೆಗೆ ಹೋದರು. ನಿಯಮದ ಪ್ರಕಾರ ನಾನು ಬಾಯಿ ಬಿಡುವಂತಿರಲಿಲ್ಲ. ಆದರೆ ಆ ಕಾರು ರಸ್ತೆಗಿಳಿಯಲು ಬಿಡುವಂತೆಯೂ ಇರಲಿಲ್ಲ.

"ಕೀ ಕೊಡಿ ರೀ."

ಜೇಬಿನಿಂದ ತೆಗೆದು ಕೊಟ್ಟುಬಿಟ್ಟರು. ವಾದ ಮಾಡದೆ ಕೊಟ್ಟರಲ್ಲ, ಅದಕ್ಕೇ ನನಗೆ ಹೆದರಿಕೆಯಾಯಿತು. ರೂಟ್ ಹದಿನೆಂಟು ಹೆದ್ದಾರಿಯ ಸಿಗ್ನಲ್ಲಿನಲ್ಲಿ ನಿಂತಾಗ ಕೇಳಿದೆ: "ನಿಮಗೆ ಮೊದಲೇ ಗೊತ್ತಿತ್ತಾ?"

"ಅನುಮಾನ ಇತ್ತು. ಹೋದ ವರ್ಷದಿಂದ ಪಕ್ಕದ ಲೇನಿನ ಕಾರುಗಳು ದಿಢೀರಂತ ಪ್ರತ್ಯಕ್ಷ ಆಗ್ತಿದ್ವು."

"ಮತ್ತೆ ನನಗ್ಯಾಕೆ ಹೇಳ್ಲಿಲ್ಲ? ಮನೇಲೇ ಇದ್ನಲ್ಲ ರೀ!"

"ಯಾವಾಗ್ನೋಡಿದ್ರೂ ಓದ್ತಾ ಕೂತಿರ್ತಿದ್ದೆ ಕಣೆ," ಎಂದರು. "ನಿನ್ನ ಕೋರ್ಸು ಮುಗೀಲಿ, ಆಮೇಲೆ ಹೇಳೋಣ ಅಂತಿದ್ದೆ."