ಬಹರೈನ್ ಫ್ರಾಕೂ ಡುಲ್ಸಿನ್ ಟೀಚರ ಹೊಲಿಗೆ ಕ್ಲಾಸೂ

ಬೆಳಗಿನ ಆರೂವರೆ ಗಂಟೆ. ಕಲ್ಯಾಣಪುರದ ಇಗರ್ಜಿಯ ಗಂಟೆ ನಿಲ್ಲುವ ಮೊದಲೇ ಡುಲ್ಸಿನ್ ಬಾಯಿ ಜಗಲಿಯಲ್ಲಿ ಮೆಷಿನ್ನಿನ ಎದುರು ಕುಳಿತಾಗಿದೆ. ಕರೆಂಟಿಲ್ಲ. ಇದ್ದರೂ ಇವರು ದೀಪ ಹಾಕುವವರಲ್ಲ. ಮೂಡಣ ಬೆಳಕು ಸೂಜಿಯ ಮೇಲೆ ಬೀಳುವಂತೆ ಮೆಷಿನ್ನನ್ನೇ ತಿರುಗಿಸಿ ಇಟ್ಟುಕೊಂಡಿದ್ದಾರೆ. ಕಾಲು ತುಳಿಯುತ್ತದೆ, ಕೈ ಬಟ್ಟೆಯನ್ನು ಮುಂದೆ ದೂಡುತ್ತದೆ. ಹೊಲಿಯುತ್ತಿರುವುದು ಮಾತ್ರ ಬರೀ ಪ್ಯಾಂಟಿನ ಕಾಲಿನ ತುದಿ. ಉಡುಪಿಯ ರೆಡಿಮೇಡ್ ಅಂಗಡಿಯೊಂದರಿಂದ ಬಂದ ಗಂಟು ಪಕ್ಕದಲ್ಲಿದೆ. ಗಿರಾಕಿಗೆ ಉದ್ದವಾದದ್ದನ್ನು ಗಿಡ್ಡ ಮಾಡಿ ಕೊಡಬೇಕು, ದಿನಕ್ಕೆ ಹದಿನೆಂಟೋ ಇಪ್ಪತ್ತೋ.

"ಇಪ್ಪತ್ತಾರು ವರ್ಷ ಹೊಲಿಗೆ ಕಲಿಸಿದವಳು ನಾನು. ಈಗ ಬೊಂಬಾಯಿಯವರು ಹೊಲಿದ ಪ್ಯಾಂಟಿನ ಬಾಲ ಕತ್ತರಿಸುವುದು," ಎಂದು ನಗುತ್ತಾರೆ. ಪತ್ರಿಕೆಗೆ ಬರೆಯಲೆಂದು ಬಂದು ಎದುರು ಕುಳಿತ ನನಗೆ ನಗು ಬರುವುದಿಲ್ಲ.

ಡುಲ್ಸಿನ್‌ಗೆ ಈಗ ಐವತ್ತನಾಲ್ಕು. ಮದುವೆ ಆಗಿಲ್ಲ. ಹದಿನಾರನೇ ವಯಸ್ಸಿಗೆ ಬೊಂಬಾಯಿಯಲ್ಲಿ ಮಕ್ಕಳನ್ನು ನೋಡಿಕೊಳ್ಳುವ ಕೆಲಸಕ್ಕೆ ಹೋದವರು. ಆ ಮನೆಗೆ ಬರುತ್ತಿದ್ದ ದರ್ಜಿಯ ಕೈಯನ್ನು ನೋಡಿ ನೋಡಿಯೇ ಕಲಿತರು. ಸಾವಿರದ ಒಂಬೈನೂರ ಐವತ್ತೆಂಟರಲ್ಲಿ ಊರಿಗೆ ಮರಳಿ, ಹಳೆಯದೊಂದು ಮೆಷಿನ್ ಕೊಂಡು, ಜಗಲಿಯಲ್ಲಿ ಕ್ಲಾಸು ಶುರು ಮಾಡಿದರು. ಕಾಪುವಿನಿಂದ, ಕಾರ್ಕಳದಿಂದಲೂ ನೆಂಟರ ಮನೆಯಲ್ಲಿ ಉಳಿದುಕೊಂಡು ಹುಡುಗಿಯರು ಬರುತ್ತಿದ್ದರು. ಮದುವೆ ನಿಶ್ಚಯವಾದ ಹುಡುಗಿಗೆ ಡುಲ್ಸಿನ್ ಟೀಚರ ಕ್ಲಾಸಿನಲ್ಲಿ ಒಂದು ವರ್ಷ ಎಂದರೆ ಅದೇ ಒಂದು ಯೋಗ್ಯತೆ. ಮೊದಲ ತಿಂಗಳು ಬಟ್ಟೆ ಮುಟ್ಟುವ ಹಾಗಿಲ್ಲ. ಹಳೆಯ ಪೇಪರು ಕತ್ತರಿಸಬೇಕು. ಮಕ್ಕಳ ಅಂಗಿಯಾದರೆ ಒಳಗೆ ಎರಡು ಇಂಚು ಬಟ್ಟೆ ಮಡಚಿ ಬಿಡಲೇಬೇಕು. "ಮಕ್ಕಳು ಬೆಳೆಯುವ ಜಾತಿ ಅಲ್ವಾ? ಅಂಗಿಯೂ ಬೆಳೆಯಬೇಕು."

ಪ್ರತಿ ಜೂನ್‌ನಲ್ಲಿ ಹನ್ನೆರಡು, ಹದಿನಾಲ್ಕು ಮಂದಿ ಸೇರುತ್ತಿದ್ದ ಕ್ಲಾಸು ಇದು. ಈ ವರ್ಷ, ಎಂಬತ್ತನಾಲ್ಕರ ಜೂನ್‌ನಲ್ಲಿ, ಸೇರಿದ್ದು ಮೂವರು. ಸೆಪ್ಟೆಂಬರಿನ ಮೊಂತಿ ಹಬ್ಬ ಕಳೆಯುವಷ್ಟರಲ್ಲಿ ಆ ಮೂವರೂ ಬಿಟ್ಟರು. ಈಗ ನವೆಂಬರ್. ಕ್ರಿಸ್‌ಮಸ್ ಬಟ್ಟೆಗಳ ರಾಶಿ ಬಿದ್ದಿರಬೇಕಾದ ಜಗಲಿಯಲ್ಲಿ ಅಂಗಡಿಯ ಪ್ಯಾಂಟುಗಳು, ಮತ್ತು ಎಂಟೂವರೆಯ ಬಸ್ಸಿಗೆ ಆದಿ ಉಡುಪಿಯಿಂದ ಬರುವ ಗುಣವತಿ ಎಂಬ ಇಪ್ಪತ್ತೆರಡರ ಹುಡುಗಿ. ಅವಳೊಬ್ಬಳೇ.

"ಒಬ್ಬಳು ಇರುವವರೆಗೆ ಕ್ಲಾಸು ಉಂಟು. ಅವಳೂ ಹೋದರೆ ಇದು ಬರೀ ಜಗಲಿ. ಮತ್ತೆ ನನ್ನನ್ನು ಟೀಚರ್ ಅಂತ ಯಾರು ಕರೆಯುವುದು?" ಎನ್ನುತ್ತಾರೆ ಡುಲ್ಸಿನ್.

ಯಾಕೆ ಹೀಗಾಯಿತು ಎಂದರೆ, "ಕಾಲ ಹಾಗೆ ಬಂದಿದೆ" ಎಂದಷ್ಟೇ ಹೇಳಿ ಚಹಾ ಮಾಡಲು ಒಳಗೆ ಹೋಗುತ್ತಾರೆ. ಅಷ್ಟಕ್ಕೇ ಕಾದಿದ್ದವಳಂತೆ ಗುಣವತಿ ಸಿಡಿಯುತ್ತಾಳೆ. "ಎಂತ ಕಾಲವೂ ಅಲ್ಲ ಸರ್! ಟೀಚರ್ ಕೈಯಾರೆ ಮಾಡಿಕೊಂಡದ್ದು. ಒಂದು ಫ್ರಾಕಿನಿಂದ."

ಸಂಗತಿ ಕಳೆದ ಏಪ್ರಿಲ್‌ನದ್ದು. ಇಗರ್ಜಿಯಲ್ಲಿ ಮಕ್ಕಳು ಪ್ರಥಮ ಪರಮಪ್ರಸಾದ ಸ್ವೀಕರಿಸುವ ಭಾನುವಾರ ಹುಡುಗಿಯರಿಗೆ ಬಿಳಿ ಫ್ರಾಕು ಆಗಬೇಕು. ಈ ವರ್ಷ ಹನ್ನೊಂದು ಫ್ರಾಕು ಈ ಜಗಲಿಯಲ್ಲೇ ಹೊಲಿದದ್ದು. ಹನ್ನೆರಡನೆಯ ಹುಡುಗಿ ಒಂಬತ್ತು ವರ್ಷದ ಲೊರ್ನಾಳಿಗೆ ಮಾತ್ರ ಬಹರೈನ್‌ನಲ್ಲಿದ್ದ ತಂದೆ ಮೌರಿಸ್ ರೆಡಿಮೇಡ್ ಫ್ರಾಕನ್ನೇ ಕಳುಹಿಸಿದ. ಹೊಳೆಯುವ ಸ್ಯಾಟಿನ್, ಕೆಳಗೆ ಮೂರು ಸಾಲು ಲೇಸು. ಇದನ್ನೇ ಹಾಕಿಸಿ ಫೋಟೊ ತೆಗೆದು ಕಳಿಸು ಎಂದು ಹೆಂಡತಿ ಸೆಲೀನ್‌ಗೆ ಕಾಗದ ಬೇರೆ. ಅಂಗಡಿಯವನಿಗೆ ಅವನು ಮಗಳ ಎತ್ತರವನ್ನು ಕೈಯಲ್ಲಿ ತೋರಿಸಿದ್ದನಂತೆ. ತೋರಿಸಿದ್ದು ಎರಡೂವರೆ ವರ್ಷದ ಹಿಂದೆ ತನ್ನನ್ನು ಬಸ್ಸು ಹತ್ತಿಸಲು ಬಂದಿದ್ದ ಮಗಳ ಎತ್ತರ. ಪಾಪ, ಅವನ ಕಣ್ಣಲ್ಲಿ ಇದ್ದದ್ದು ಅದೊಂದೇ.

ಭಾನುವಾರಕ್ಕೆ ಮೂರು ದಿನ ಇರುವಾಗ ತಾಯಿ, ಮಗಳು ಫ್ರಾಕು ಹಿಡಿದುಕೊಂಡು ಬಂದರು. ಬೆನ್ನಿನ ಕಡೆ ನಾಲ್ಕು ಬೆರಳು ಸಾಲದು, ಉದ್ದ ಮೊಣಕಾಲಿಗೂ ಬಾರದು. "ಹೊಸತು ಹೊಲಿದು ಕೊಡ್ತೇನೆ ಅಂತ ಟೀಚರ್ ಹೇಳಿದರು," ಎನ್ನುತ್ತಾಳೆ ಗುಣವತಿ. "ಆಗ ಆ ಮಗು ಕೇಳಿತು ನೋಡಿ, 'ಪಪ್ಪನಿಗೆ ನಾನು ಇನ್ನೂ ಇಷ್ಟೇ ಅಂತ ಅನಿಸುವುದಾ?' ತಾಯಿ ಅಳಲಿಕ್ಕೆ ಶುರು. ಟೀಚರ್ ಫ್ರಾಕನ್ನು ಕೈಗೆ ತೆಗೆದುಕೊಂಡರು. ಮುಗಿಯಿತು."

ಚಹಾ ಹಿಡಿದು ಬಂದ ಡುಲ್ಸಿನ್ ಬಾಗಿಲಲ್ಲೇ ನಿಂತಿದ್ದಾರೆ. "ನಿನ್ನ ಬಾಯಿಗೆ ಒಂದು ಬೀಗ ಇಲ್ವಾ ಮಾರಾಯ್ತಿ?" ಎಂದು ಅವಳನ್ನು ಗದರಿ, ನನ್ನ ಕಡೆ ತಿರುಗುತ್ತಾರೆ. "ಬರೆಯುವುದಾದರೆ ಹೆಸರು, ಊರು ಎಲ್ಲ ಬದಲಿಸಬೇಕು. ನನ್ನದು ಸಹ. ಇಲ್ಲದಿದ್ದರೆ ಇಲ್ಲಿಗೇ ಬಿಡಿ." ಬದಲಿಸಿದ್ದೇನೆ. ಕಲ್ಯಾಣಪುರ ಎಂದು ಬರೆದಿದ್ದೇನೆ; ಅದು ಹೊಳೆಯ ಆಚೆಯ ಊರೂ ಇರಬಹುದು. ಎಲೆಮರೆಯ ಕಾಯಿಯನ್ನು ತೋರಿಸಲು ಹೊರಟ ನಾನೇ ಇನ್ನೊಂದು ಎಲೆ ಮುಚ್ಚಿ ಬಂದ ಹಾಗಾಯಿತು.

ಆದರೆ ಕೆಲಸ ಹೇಗೆ ಮಾಡಿದಿರಿ ಎಂದದ್ದೇ ತಡ, ಅವರ ಮುಖವೇ ಬೇರೆಯಾಗುತ್ತದೆ. "ರೆಡಿಮೇಡಿನ ಒಳಗೆ ಉಗುರಿನಷ್ಟೂ ಬಟ್ಟೆ ಬಿಟ್ಟಿರುವುದಿಲ್ಲ. ಒಳಪದರದ ಅಸ್ತರಿಗೂ ಅದೇ ಸ್ಯಾಟಿನ್ ಹಾಕಿದ್ದರು, ದೇವರ ದಯೆ. ಅಸ್ತರನ್ನು ತೆಗೆದು ಎರಡು ಬಗಲಿಗೂ ಪಟ್ಟಿ ಕೊಟ್ಟೆ. ಒಳಗೆ ನನ್ನ ಪಾಪ್ಲಿನ್ ಹಾಕಿದೆ. ಲೇಸು ಮೂರು ಸಾಲು ಇತ್ತಲ್ಲ, ಅದನ್ನು ದೂರ ದೂರ ಮಾಡಿ, ನಡುವೆ ಬಟ್ಟೆ ಸೇರಿಸಿ ಉದ್ದ ಬಿಟ್ಟೆ. ಜಾಯಿಂಟು ಲೇಸಿನ ಅಡಿಗೆ ಹೋಯಿತು." ಸ್ಯಾಟಿನ್‌ನಲ್ಲಿ ಒಮ್ಮೆ ಸೂಜಿ ಹೋದ ತೂತು ಮುಚ್ಚುವುದಿಲ್ಲವಂತೆ. ಹಾಗಾಗಿ ಹಳೆಯ ತೂತಿಗೇ ಹೊಸ ಸೂಜಿ ಇಳಿಯಬೇಕು. ಮೆಷಿನ್ನಿನಲ್ಲಿ ಅದು ಆಗುವುದಿಲ್ಲ. ಇಡೀ ಎರಡು ದಿನ ಕೈಯಲ್ಲೇ ಹೊಲಿದರು. ಬಿಳಿಯ ಮೇಲೆ ಬಿಳಿ ದಾರ, ಕಣ್ಣಿನಿಂದ ನೀರು ಸುರಿಯುತ್ತಿತ್ತು ಎಂದು ಗುಣವತಿ ಸೇರಿಸುತ್ತಾಳೆ. ಬಟ್ಟೆಗೆ ಬೀಳದ ಹಾಗೆ ಒರೆಸುವುದೇ ಅವಳ ಕೆಲಸವಾಗಿತ್ತು.

ಭಾನುವಾರ ಪೂಜೆ ಮುಗಿದ ಮೇಲೆ ಇಗರ್ಜಿಯ ಅಂಗಳದಲ್ಲಿ ಹೆಂಗಸರೆಲ್ಲ ಲೊರ್ನಾಳನ್ನು ಸುತ್ತುವರಿದರು. ಹನ್ನೊಂದು ಫ್ರಾಕುಗಳನ್ನು ಯಾರೂ ತಿರುಗಿ ನೋಡಲಿಲ್ಲ. "ಅಷ್ಟು ದೂರದಿಂದ ಬಂದದ್ದು, ಹೇಗೆ ಕೂತಿದೆ ನೋಡಿ! ರೆಡಿಮೇಡ್ ಅಂದರೆ ರೆಡಿಮೇಡ್. ಇನ್ನು ಹುಡುಗಿಯರು ವರ್ಷ ಇಡೀ ಬಗ್ಗಿ ಕೂತು ಹೊಲಿಗೆ ಗಿಲಿಗೆ ಕಲಿಯುವುದು ಯಾಕೆ?" ಎಂದು ಒಬ್ಬರು ಹೇಳಿದ್ದನ್ನು ಡುಲ್ಸಿನ್ ಅಲ್ಲೇ ನಿಂತು ಕೇಳಿಸಿಕೊಂಡರು. ಗುಣವತಿ ಬಾಯಿ ತೆರೆದಳು. ಟೀಚರ್ ಅವಳ ತೋಳು ಚಿವುಟಿದರು. ಆ ತಿಂಗಳಲ್ಲೇ ಐದು ಮನೆಯವರು ರೆಡಿಮೇಡ್ ಬಟ್ಟೆ ಕಳಿಸಿ ಎಂದು ಗಲ್ಫಿಗೆ ಕಾಗದ ಬರೆದರು. ಜೂನ್‌ನಲ್ಲಿ ಏನಾಯಿತೆಂದು ಮೇಲೆಯೇ ಹೇಳಿದ್ದೇನೆ.

ಆಗಸ್ಟ್‌ನಲ್ಲಿ ಮೌರಿಸ್ ರಜೆಗೆ ಬಂದ. ಖರ್ಜೂರದ ಪೊಟ್ಟಣ ಹಿಡಿದು ಇಲ್ಲಿಗೂ ಬಂದು, "ನೋಡಿದ್ರಾ ಬಾಯೆ, ಕಣ್ಣಿಂದ ದೂರ ಇದ್ದರೂ ಮಗಳ ಅಳತೆ ನನಗೆ ಬಾಯಿಪಾಠ," ಎಂದನಂತೆ. "ಹೌದು ಮೌರಿಸ್, ಸರಿಯಾಗಿ ಕೂತಿತು," ಎಂದರಂತೆ ಇವರು.

ನನಗೆ ಸಿಟ್ಟೇ ಬರುತ್ತದೆ. ಒಂದು ಮಾತು ಹೇಳಿದ್ದರೆ ಕ್ಲಾಸು ಉಳಿಯುತ್ತಿತ್ತಲ್ಲ ಎನ್ನುತ್ತೇನೆ.

"ಆ ಬಿಸಿಲಲ್ಲಿ ದುಡಿದು, ಮಗಳನ್ನು ನೆನೆಸಿಕೊಂಡು ತೆಗೆದದ್ದು ಅವನು. ಅಳತೆ ತಪ್ಪಿತು ಅಂತ ಯಾವ ಬಾಯಿಯಲ್ಲಿ ಹೇಳುವುದು? ನೀವಾದರೂ ಹೇಳ್ತಿದ್ರಾ?"

ನಾನು ಲೋಟದಲ್ಲಿ ಉಳಿದ ಚಹಾ ಮುಗಿಸುತ್ತೇನೆ. ಡುಲ್ಸಿನ್ ಪ್ಯಾಂಟಿನ ಗಂಟಿಗೆ ಮರಳುತ್ತಾರೆ. ಗುಣವತಿ ಲೋಟ ತೊಳೆಯಲು ಬಾವಿಕಟ್ಟೆಗೆ ಹೋಗುತ್ತಾಳೆ, ನಾನೂ ಹಿಂದೆಯೇ ಹೋಗುತ್ತೇನೆ. ಕೋರ್ಸು ಯಾವಾಗ ಮುಗಿಯುತ್ತದೆ ಎಂದು ಕೇಳಿದರೆ ಅವಳು ತಲೆ ಎತ್ತುವುದಿಲ್ಲ. "ನನ್ನದು ಮೇ ತಿಂಗಳಲ್ಲೇ ಮುಗಿದಿದೆ ಸರ್. ಮಣಿಪಾಲದ ರೆಡಿಮೇಡ್ ಶೆಡ್ಡಿನವರು ಎರಡು ಸಲ ಕರೆದರು. ಅಲ್ಲಿ ಒಬ್ಬಳು ಕಾಲರು ಮಾತ್ರ, ಇನ್ನೊಬ್ಬಳು ಕಿಸೆ ಮಾತ್ರ. ಮನೆಯಲ್ಲಿ ಅಮ್ಮ ದಿನಾ ಬೈಯುತ್ತಾರೆ, ಹೋಗು ಅಂತ."

"ಮತ್ತೆ ಇಲ್ಲಿಗೆ?"

"ನಾನೂ ಬರದಿದ್ದರೆ ಕ್ಲಾಸು ಎಲ್ಲಿ ಉಂಟು? ಟೀಚರಿಗೆ ಗೊತ್ತುಂಟು. ನಾವು ಆ ಮಾತು ಎತ್ತುವುದಿಲ್ಲ. ಎಷ್ಟು ದಿನ ಆಗುತ್ತದೋ ನೋಡುವ."

ಮಧ್ಯಾಹ್ನದ ಹೊತ್ತಿಗೆ ಗುಣವತಿ ತುಂಡು ಬಟ್ಟೆಯ ಮೇಲೆ ಆರು ಕಾಜಾ ಹೊಲಿದು ಟೀಚರ ಮುಂದೆ ಹಿಡಿಯುತ್ತಾಳೆ. ನಾನೂ ಬಗ್ಗಿ ನೋಡುತ್ತೇನೆ. ಗುಂಡಿ ತೂರುವ ಆರೂ ತೂತುಗಳು ಒಂದೇ ಉದ್ದ, ದಾರದ ಸುತ್ತುಗಳು ಒಂದಕ್ಕೊಂದು ತಾಗಿಕೊಂಡು ಕೂತಿವೆ. ನನ್ನ ಕಣ್ಣಿಗಂತೂ ಒಂದು ಕೊರತೆಯೂ ಕಾಣುವುದಿಲ್ಲ. ಡುಲ್ಸಿನ್ ಕನ್ನಡಕ ತೆಗೆದು ಸೀರೆಯ ಸೆರಗಿನಲ್ಲಿ ಒರೆಸಿ, ಮತ್ತೆ ಹಾಕಿಕೊಂಡು, ಬಹಳ ಹೊತ್ತು ನೋಡುತ್ತಾರೆ.

"ಐದನೆಯದ್ದು ಸರಿಯಾಗಲಿಲ್ಲ. ಬಿಚ್ಚು. ನಾಳೆ ಬಂದು ಪುನಃ ಹೊಲಿ."

"ಆಯ್ತು ಟೀಚರ್," ಎಂದು ಗುಣವತಿ ಬಿಚ್ಚಲು ಕೂರುತ್ತಾಳೆ.