ಸ್ಟ್ರೈಕರನ ಎಡ ಮೊಣಕಾಲು

ನನಗೆ ಫುಟ್‌ಬಾಲ್ ಗೊತ್ತಿಲ್ಲ. ಆಫ್‌ಸೈಡ್ ಎಂದರೇನು ಎಂದು ಗಂಡ ಊಟದ ಮೇಜಿನ ಮೇಲೆ ಉಪ್ಪಿನ ಡಬ್ಬಿ, ಉಪ್ಪಿನಕಾಯಿ ಬಾಟಲಿಗಳನ್ನು ಸಾಲಾಗಿ ಇಟ್ಟು ಎಷ್ಟು ಸಲ ವಿವರಿಸಿದರೂ ತಲೆಗೆ ಹತ್ತಿಲ್ಲ. ಆದರೆ ಫುಟ್‌ಬಾಲ್ ಆಡುವವರ ಮೊಣಕಾಲು ಗೊತ್ತು. ದೋಹಾದ ಒಂದು ಆಸ್ಪತ್ರೆಯಲ್ಲಿ ಎಂಆರ್‌ಐ ಯಂತ್ರ ನಡೆಸುವುದು ನನ್ನ ಕೆಲಸ. ಇಲ್ಲಿಯ ಕ್ಲಬ್ಬುಗಳಿಗೆ ಹೊರದೇಶಗಳಿಂದ ಬಂದು ಆಡುವ ಎಷ್ಟೋ ಮಂದಿ ನನ್ನ ಎದುರು ಅಂಗಾತ ಮಲಗಿ ಎದ್ದು ಹೋಗಿದ್ದಾರೆ. ಯಾರು ಯಾವ ಕ್ಲಬ್ಬು ಎಂದು ನಾನು ಕೇಳುವುದಿಲ್ಲ. ಸರ ತೆಗಿ, ಉಂಗುರ ತೆಗಿ, ಕಿವಿಯಲ್ಲಿ ಏನಾದರೂ ಇದ್ದರೆ ಅದನ್ನೂ ತೆಗಿ ಎನ್ನುತ್ತೇನೆ, ಅಷ್ಟೆ.

ನಮ್ಮ ಕೆಲಸಕ್ಕೆ ಒಂದು ಕಟ್ಟುನಿಟ್ಟು ಉಂಟು. ಚಿತ್ರ ಮೊದಲು ಕಾಣುವುದು ನಮಗೆ, ಆದರೆ ಕಂಡದ್ದನ್ನು ಹೇಳುವ ಅಧಿಕಾರ ನಮಗಿಲ್ಲ, ಹೇಳಬೇಕಾದವರು ಡಾಕ್ಟರು. ರೋಗಿಗಳು ಬಿಡುತ್ತಾರೆಯೇ? ನಾವು ಬಾಗಿಲು ತೆರೆದು ಒಳಗೆ ಬಂದ ಕೂಡಲೇ ನಮ್ಮ ಮುಖ ಓದಲು ಶುರು ಮಾಡುತ್ತಾರೆ. ಹಾಗಾಗಿ ಈ ಕೆಲಸದವರೆಲ್ಲ ಮುಖವನ್ನು ಇಸ್ತ್ರಿ ಹಾಕಿದ ಹಾಗೆ ಇಟ್ಟುಕೊಳ್ಳಲು ಕಲಿಯುತ್ತಾರೆ. ನನಗೆ ಕಲಿಯುವ ತಾಪತ್ರಯ ಇರಲಿಲ್ಲ. ನನ್ನದು ಹುಟ್ಟಾ ಗಂಟುಮುಖ, ಮೇಲಿಂದ ಬೈಯುವ ಬಾಯಿ. ಮನೆಯಲ್ಲಿ ನಮ್ಮದು ಕೊಂಕಣಿಯಾದರೂ ಸಿಟ್ಟು ಬಂದಾಗ ನನಗೆ ಬರುವುದು ಕನ್ನಡವೇ. ಉಡುಪಿಯ ಕನ್ನಡ ಶಾಲೆಯಲ್ಲಿ ಟೀಚರುಗಳಿಂದ ಬೈಸಿಕೊಂಡೇ ದೊಡ್ಡವಳಾದವಳು ನಾನು.

ಆ ಸ್ಟ್ರೈಕರ್ ಮೊದಲ ಸಲ ಬಂದಾಗಲೇ ಅವನ ಹೆಸರು ಕೇಳಿ ಇಡೀ ವಿಭಾಗ ಬಾಗಿಲಲ್ಲಿ ಇಣುಕಿತ್ತು. ಯುರೋಪಿನ ದೊಡ್ಡ ದೊಡ್ಡ ಮೈದಾನಗಳಲ್ಲಿ ಗೋಲು ಹೊಡೆದು, ವಯಸ್ಸು ಏರುತ್ತಿದ್ದಂತೆ ಕತಾರಿಗೆ ಬಂದವನು. ನನಗೆ ಅವನೊಬ್ಬ ಉದ್ದ ಕಾಲಿನ, ಒಂದು ನಿಮಿಷ ಸುಮ್ಮನಿರಲಾಗದ ಗಿರಾಕಿ. ಯಂತ್ರದ ಟಕಟಕ ಶುರುವಾಗುತ್ತಲೇ ಕಾಲ ಬೆರಳು ಕುಣಿಸುತ್ತಿದ್ದ, ಚಿತ್ರ ಕಲಸಿಹೋಗುತ್ತಿತ್ತು. ಇಂಗ್ಲಿಷಿನಲ್ಲಿ ನಯವಾಗಿ ಹೇಳಿದೆ, ಕೇಳಲಿಲ್ಲ. ಮೈಕಿನ ಗುಂಡಿ ಒತ್ತಿಯೇ ಇದೆ ಎನ್ನುವುದು ಮರೆತು, "ಅಲ್ಲಾಡ್ಬೇಡ ಮಾರಾಯಾ! ಎಂಥ ಮನುಷ್ಯ ನೀನು!" ಎಂದು ಕೂಗಿದೆ. ಒಳಗೆ ಅವನು ಕಲ್ಲಾಗಿ ಮಲಗಿದ.

ಹೊರಗೆ ಬಂದು ಅದರ ಅರ್ಥ ಕೇಳಿದ. ಹೇಳಿದೆ. ಅಲ್ಲಿಂದ ಮುಂದೆ ಯಾವಾಗ ಬಂದರೂ ನಮಸ್ಕಾರದ ಬದಲು "ಅಲ್ಲಾಡ್ಬೇಡ?" ಎಂದು ಕೇಳುತ್ತಲೇ ಒಳಗೆ ಬರುತ್ತಿದ್ದ. ಒಮ್ಮೆ ಹಿಮ್ಮಡಿ, ಒಮ್ಮೆ ತೊಡೆಸಂದು, ಹೆಚ್ಚಾಗಿ ಆ ಎಡ ಮೊಣಕಾಲು. ನಾನು ಬೈಯುತ್ತಿದ್ದೆ, ಅವನು ನಗುತ್ತಿದ್ದ. ಕೊನೆಗೆ "ಯಲ್ಲಾ, ಖಲಾಸ್, ಏಳು" ಎಂದು ಓಡಿಸುತ್ತಿದ್ದೆ.

ಮನೆಯಲ್ಲಿ ಇದೊಂದೂ ಹೇಳುವಂತಿರಲಿಲ್ಲ. ನನ್ನ ಗಂಡನಿಗೆ ಅವನೆಂದರೆ ಪ್ರಾಣ. ಬಿನ್ ಒಮ್ರಾನಿನ ನಮ್ಮ ಫ್ಲಾಟಿನಲ್ಲಿ ಟಿವಿಯ ಎದುರು ಕೂತು, "ನೋಡು ಮಾರಾಯ್ತಿ, ಎರಡು ಜನರ ನಡುವೆ ಹೇಗೆ ನುಗ್ಗಿದ ನೋಡು!" ಎನ್ನುತ್ತಿದ್ದರು. ನಾನು ಬೀನ್ಸ್ ಮುರಿಯುತ್ತಾ "ನೀವು ಆ ಸೋಫಾದಿಂದ ಒಮ್ಮೆ ನುಗ್ಗಿ ಬನ್ನಿ, ಅನ್ನ ತಣಿಯುತ್ತದೆ" ಎನ್ನುತ್ತಿದ್ದೆ. ಆಸ್ಪತ್ರೆಯ ಮಾತು ಹೊಸಿಲು ದಾಟಬಾರದು ಎನ್ನುವುದು ನಮ್ಮ ಮನೆಯ ನಿಯಮ. ಅವರೂ ಯಾವತ್ತೂ ಕೇಳಿದವರಲ್ಲ.

ಹೋದ ವರ್ಷದ ಸೀಸನ್ ಮುಗಿಯಲು ಬಂದಿದ್ದಾಗ ಅವನು ಮತ್ತೆ ಬಂದ. "ಅಲ್ಲಾಡ್ಬೇಡ?" ಎಂದ, ಮಲಗಿದ, ಮೊಣಕಾಲನ್ನು ಪ್ಲಾಸ್ಟಿಕ್ ಗೂಡಿನೊಳಗೆ ಇಟ್ಟೆ. ಮೊದಲ ಚಿತ್ರಗಳು ಪರದೆಯ ಮೇಲೆ ಬಂದವು. ಮೊಣಕಾಲಿನ ಎರಡು ಮೂಳೆಗಳ ನಡುವೆ ಎಳನೀರಿನ ಬೊಂಡದೊಳಗಿನ ಎಳೆ ಗಂಜಿಯ ಹಾಗೆ ನುಣ್ಣಗಿನ ಒಂದು ಪದರ ಇರುತ್ತದೆ. ಅದರ ದಯೆಯಿಂದ ನಾವು ನಡೆಯುತ್ತೇವೆ, ಮೆಟ್ಟಿಲು ಹತ್ತುತ್ತೇವೆ, ಇಗರ್ಜಿಯಲ್ಲಿ ಮಂಡಿಯೂರುತ್ತೇವೆ. ಅವನಲ್ಲಿ ಒಂದು ಕಡೆ ಅದು ಇರಲೇ ಇಲ್ಲ. ಮೂಳೆಗೆ ಮೂಳೆ ತಾಗುತ್ತಿತ್ತು. ಹಿಂದಿನ ಶನಿವಾರವಷ್ಟೇ ಈ ಕಾಲಿನಲ್ಲಿ ಅವನು ಓಡಿದ್ದನ್ನು, ಹಾರಿದ್ದನ್ನು ನಮ್ಮ ಟಿವಿಯಲ್ಲಿ ಕಂಡಿದ್ದೆ. ಇಂಥ ಕಾಲು ಇದ್ದವರು ನನ್ನಲ್ಲಿಗೆ ಗಾಲಿಕುರ್ಚಿಯಲ್ಲಿ ಬರುತ್ತಾರೆ.

ಮುಗಿದ ಮೇಲೆ ಒಳಗೆ ಹೋದೆ. ಮುಖ ಸರಿಯಾಗಿಯೇ ಇತ್ತು, ಆಣೆ ಮಾಡಿ ಹೇಳುತ್ತೇನೆ. ಕೋಣೆ ತಣ್ಣಗಿತ್ತೆಂದು ಅವನ ಭುಜದವರೆಗೆ ಕಂಬಳಿ ಎಳೆದು ಹೊದಿಸಿದೆ. ನಿಧಾನ ಏಳು ಎಂದೆ. ಕುಡಿಯಲು ನೀರು ಬೇಕೇ ಎಂದೆ. ಬಗ್ಗಿ ಅವನ ಚಪ್ಪಲಿಗಳನ್ನು ಕಾಲಿನ ಹತ್ತಿರ ಸರಿಸಿ ಇಟ್ಟೆ.

ಅವನು ಚಪ್ಪಲಿಗಳನ್ನೇ ಸ್ವಲ್ಪ ಹೊತ್ತು ನೋಡಿದ. "ಇವತ್ತು ನೀವು ಬೈಯಲಿಲ್ಲ," ಎಂದ.

ಇಷ್ಟು ವರ್ಷ ಮುಖ ಕಾದುಕೊಂಡೆ, ಕೈ ಕಾದುಕೊಳ್ಳಲಿಲ್ಲ. "ಡಾಕ್ಟರ್ ಹೇಳುತ್ತಾರೆ," ಎಂದೆ, ನಿಯಮದಂತೆ.

"ಹೇಳುತ್ತಾರೆ," ಎಂದು ನಕ್ಕ. "ಈ ಸೀಸನ್ನಿಗೆ ನನ್ನ ಕರಾರು ಮುಗಿಯುತ್ತದೆ. ಈ ವಯಸ್ಸಿಗೆ ಇನ್ನೊಂದು ಯಾರೂ ಕೊಡುವುದಿಲ್ಲ. ನನ್ನ ಜೊತೆ ಆಡಿದವರಲ್ಲಿ ಎಷ್ಟೋ ಮಂದಿಯ ಕೊನೆಯ ಆಟ ಸ್ಟ್ರೆಚರಿನ ಮೇಲೆ ಮುಗಿಯಿತು. ಮಲಗಿಸಿಕೊಂಡು ಹೊರಗೆ ಹೊತ್ತೊಯ್ದರು. ನನಗೆ ಒಂದೇ ಆಸೆ, ಮೈದಾನದಿಂದ ನಾನೇ ನಡೆದು ಹೊರಗೆ ಬರಬೇಕು."

ಚಪ್ಪಲಿ ಮೆಟ್ಟಿಕೊಂಡು, ಒಂದಿಷ್ಟೂ ಕುಂಟದೆ ಹೋದ. ಆ ಕಾಲಿನಲ್ಲಿ ಹಾಗೆ ಹೇಗೆ ನಡೆದನೋ, ದೇವರಿಗೇ ಗೊತ್ತು.

ಡಾಕ್ಟರು ಅವನಿಗೆ ಏನು ಹೇಳಿದರೋ ತಿಳಿಯದು. ಕೆಲವು ಪಂದ್ಯಗಳಲ್ಲಿ ಅವನು ಕಾಣಲಿಲ್ಲ. ಕೊನೆಯ ಪಂದ್ಯಕ್ಕೆ ಇದ್ದಾನೆ ಎಂಬ ಸುದ್ದಿ ಬಂದದ್ದೇ ಗಂಡ ಟಿಕೆಟ್ ತಂದರು. ನಾನೂ ಬರುತ್ತೇನೆ ಎಂದೆ. ಸೂರ್ಯ ಪಶ್ಚಿಮದಲ್ಲಿ ಹುಟ್ಟಿದ ಹಾಗೆ ನನ್ನನ್ನು ನೋಡಿದರು.

ಪಂದ್ಯದ ದಿನ, ಶುಕ್ರವಾರದ ರಜೆ, ಬೆಳಿಗ್ಗೆ ಇಗರ್ಜಿಯ ಪೂಜೆಗೆ ಹೋದಾಗ, ನಾಚಿಕೆ ಬಿಟ್ಟು ಒಂದು ಮೊಣಕಾಲಿಗಾಗಿ ಪ್ರಾರ್ಥಿಸಿದೆ. ಸಂಜೆ ಸ್ಟೇಡಿಯಮ್ಮಿನಲ್ಲಿ ಕುರ್ಚಿಗಳ ಕೆಳಗಿನಿಂದ ಎಸಿಯ ತಣ್ಣನೆ ಗಾಳಿ ಬರುತ್ತಿತ್ತು. ನಾನು ಶಾಲು ತಂದಿದ್ದೆ, ಗಂಡ ಅರ್ಧ ತೋಳಿನ ಅಂಗಿಯಲ್ಲಿ ನಡುಗುತ್ತಿದ್ದರು. "ಚಳಿ ಆಗ್ತದೆ ಅಂತ ಹೇಳಿದ್ನಾ ಇಲ್ವಾ? ಈಗ ನಡುಗಿ!" ಎಂದೆ.

ಆಟದ ಕೊನೆಯ ಭಾಗದಲ್ಲಿ ಅವನನ್ನು ಇಳಿಸಿದರು. ಓಡುತ್ತಿರಲಿಲ್ಲ, ನಡೆಯುತ್ತಿದ್ದ. ಹಿಂದಿನ ಸಾಲಿನಲ್ಲಿ ಯಾರೋ ಮಲಯಾಳದಲ್ಲಿ ಗೇಲಿ ಮಾಡಿದರು. ಗಂಡನೂ "ಇವನಿಗೆ ಎಂಥ ಆಗಿದೆ? ಪಾರ್ಕಿಗೆ ವಾಕಿಂಗ್ ಬಂದ ಹಾಗೆ ಉಂಟು," ಎಂದು ಗೊಣಗಿದರು.

ಆಗ ಬಲಗಡೆಯಿಂದ ಚೆಂಡು ಬಂತು. ಬಲಗಾಲಿನಲ್ಲಿ ಒದೆಯಬೇಕೆಂದರೆ ಇಡೀ ಮೈಭಾರ ಎಡಗಾಲಿನ ಮೇಲೆ ಬೀಳಬೇಕು, ಅಷ್ಟು ಫುಟ್‌ಬಾಲ್ ನನಗೂ ಗೊತ್ತು. ಅವನು ಎಡಗಾಲನ್ನು ನೆಲಕ್ಕೆ ಊರಿದ. ಸುತ್ತಲಿನವರೆಲ್ಲ ಚೆಂಡು ನೋಡುತ್ತಿದ್ದರು. ನನಗೆ ಕಂಡದ್ದು ಆ ಬೂದು ಬಣ್ಣದ ಚಿತ್ರ, ಮೂಳೆಯ ಮೇಲೆ ಕೂತ ಮೂಳೆ. "ಅಲ್ಲಾಡ್ಬೇಡ," ಎಂದೆ ಆ ಮೊಣಕಾಲಿಗೆ, "ಅಲ್ಲಾಡ್ಬೇಡ ಮಾರಾಯಾ." ಅದು ಅಲ್ಲಾಡಲಿಲ್ಲ. ಬಲೆ ನಡುಗಿತು, ಸ್ಟೇಡಿಯಂ ಎದ್ದು ಕೂಗಿತು. ಮನುಷ್ಯನ ದೇಹದ ಒಳಗೆ ಇಣುಕುವುದೇ ಕೆಲಸವಾದ ನಾನು, ಅಲ್ಲಿ ಕಾಣದೆ ಇರುವುದು ಎಷ್ಟಿದೆಯಪ್ಪಾ ಎಂದು ಬೆರಗಾಗಿ ಕೂತೇ ಇದ್ದೆ.

ಕೂಡಲೇ ಅವನು ಕೈ ಎತ್ತಿ ತನ್ನನ್ನು ಹೊರಗೆ ಕರೆಯಿರಿ ಎಂದು ಸನ್ನೆ ಮಾಡಿದ. ಗೆರೆಯ ಕಡೆಗೆ ನಡೆಯತೊಡಗಿದ. ಒಂದೊಂದೇ ಹೆಜ್ಜೆ.

"ಒಂದು ಗೋಲು ಹೊಡೆದದ್ದಕ್ಕೆ ಜಂಬ ನೋಡು ಇವನ! ಮದುಮಗನ ಹಾಗೆ ನಡೀತಾನೆ," ಎಂದರು ಗಂಡ.

ನನಗೇ ತಿಳಿಯದಂತೆ ಶಾಲನ್ನು ತೆಗೆದು ಅವರ ಹೆಗಲಿಗೆ ಹೊದಿಸಿ, ಅಂಚನ್ನು ಕುತ್ತಿಗೆಯವರೆಗೆ ಎಳೆದು ಸರಿ ಮಾಡುತ್ತಿದ್ದೆ.

ಅವರು ಶಾಲು ಮುಟ್ಟಿ ನೋಡಿದರು. "ಎಂಥ ಆಯ್ತು ನಿಂಗೆ? ಬೈಲಿಕ್ಕಿಲ್ವಾ?" ಎಂದರು. ನನ್ನ ಮುಖ ನೋಡಿದರು. ಆಮೇಲೆ ಮೈದಾನದಲ್ಲಿ ನಡೆಯುತ್ತಿದ್ದವನ ಕಾಲು ನೋಡಿದರು, ಬಹಳ ಹೊತ್ತು. ಇಷ್ಟು ವರ್ಷ ನನ್ನ ಜೊತೆ ಬಾಳಿದವರಿಗೆ ಬೇರೆ ಡಾಕ್ಟರು ಬೇಕಾಗಲಿಲ್ಲ.

ಒಂದು ಮಾತೂ ಕೇಳದೆ ಎದ್ದು ನಿಂತು ಚಪ್ಪಾಳೆ ತಟ್ಟತೊಡಗಿದರು. ಸುತ್ತಲಿನವರು ಕೂತ ಮೇಲೂ ತಟ್ಟುತ್ತಲೇ ಇದ್ದರು. ಅವನು ನಡೆದುಕೊಂಡೇ ಗೆರೆ ದಾಟಿದ.