ಮೂರನೇ ರಾಕರಿನ ಸದ್ದು

ಕಾರಿನ ಬಾನೆಟ್ ಎತ್ತಿದರೆ ಒಳಗಿನದೆಲ್ಲ ಬರಿಗಣ್ಣಿಗೆ ಕಾಣುತ್ತಿದ್ದ ಕಾಲ ಅದು. ಎಪ್ಪತ್ತರ ದಶಕದ ಔರಂಗಾಬಾದ್. ಈಗ ಅದೇ ಊರಿಗೆ ಛತ್ರಪತಿ ಸಂಭಾಜಿನಗರ ಅನ್ನುತ್ತಾರೆ. ನಮ್ಮ ಬಾಡಿಗೆ ಮನೆಯ ಮುಂದೆ ಬೇವಿನ ಮರದಡಿ ಅಪ್ಪನ ಹಳೇ ಬೂದು ಬಣ್ಣದ ಕಾರು ನಿಂತಿರುತ್ತಿತ್ತು. ಬೇಸಿಗೆಯಲ್ಲಿ ಎಲ್ಲರ ಅಂಗಳದಲ್ಲೂ ಮಾವಿನಹಣ್ಣಿನ ವಾಸನೆ, ನಮ್ಮಲ್ಲಿ ಸೀಮೆಎಣ್ಣೆಯದು. ಭಾನುವಾರ ಅಪ್ಪ ಇಂಜಿನ್ ಬಿಚ್ಚುವುದು, ನಾನು ಹಳೇ ಪರಾತದಲ್ಲಿ ಸೀಮೆಎಣ್ಣೆ ಸುರಿದುಕೊಂಡು ನಟ್ಟು ಬೋಲ್ಟು ತೊಳೆಯುವುದು. ಓಣಿಯ ಹುಡುಗಿಯರು ಕುಂಟಬಿಲ್ಲೆಗೆ ಕರೆದರೂ ಹೋಗುತ್ತಿರಲಿಲ್ಲ. ಅಪ್ಪನ ಪಕ್ಕದ ಆ ಜಾಗ ನನ್ನದು, ಇನ್ಯಾರದೂ ಅಲ್ಲ ಅಂತ ನನಗೆ ಗರ್ವ.

ಅಂಥ ಒಂದು ಬೇಸಿಗೆಯಲ್ಲಿ ಬೀದರಿನಿಂದ ದೊಡ್ಡಪ್ಪನ ಮಗಳು ಗಿರಿಜಾ ರಜೆಗೆ ಬಂದಳು. ನನಗಿಂತ ಒಂದು ವರ್ಷಕ್ಕೆ ದೊಡ್ಡವಳು. ಬಂದ ದಿನವೇ, ಇಂಜಿನ್ ಓಡುತ್ತಿದ್ದಾಗ ಬಾನೆಟ್ಟಿನೊಳಗೆ ಇಣುಕಿ, “ಕಾಕಾ, ಇದೇನ್ರಿ ಇದು? ಯಾಕ್ ಹಿಂಗ ಕುಣ್ಯಾಕತ್ತದ?” ಅಂದಳು. ಅಪ್ಪನ ಮುಖ ಅರಳಿಬಿಟ್ಟಿತು! ನಾನು ಮರಾಠಿ ಶಾಲೆಯವಳು. ಅಪ್ಪ ಕನ್ನಡದಲ್ಲಿ ಕೇಳಿದ್ದೆಲ್ಲ ತಿಳಿಯುತ್ತಿತ್ತು, ಆದರೆ ಉತ್ತರ ಬಾಯಿಗೆ ಬರುವಷ್ಟರಲ್ಲಿ ಮರಾಠಿಯಾಗಿರುತ್ತಿತ್ತು. ಇವಳೋ, ಬಾಯಿ ತೆರೆದರೆ ಸಾಕು, ಅಪ್ಪ ನಟ್ಟು ಬಿಚ್ಚುವ ಪಾನಾ ಕೆಳಗಿಟ್ಟು ಬೀದರಿನ ಸುದ್ದಿಯೆಲ್ಲ ಕೇಳುತ್ತ ಕೂಡುತ್ತಿದ್ದ. ನನ್ನ ಹೊಟ್ಟೆಯಲ್ಲಿ ಬೆಂಕಿ ಬಿದ್ದದ್ದು ಅಂದೇ. ಇಂದು ನಾನು ಬರೆಯುವ ಈ ಕನ್ನಡ ಕಲಿತದ್ದೂ ಆ ಬೆಂಕಿಯ ದೆಸೆಯಿಂದಲೇ.

ಅದೇ ವಾರ ಹೊಸ ರಾಕರ್‌ಗಳು ಬಂದವು. ನಾಸಿಕದಲ್ಲಿ ಕಾರ್ಖಾನೆಗೆ ಹೋಗುತ್ತಿದ್ದ ಅಪ್ಪನ ಗೆಳೆಯರೊಬ್ಬರು ಮಾಡಿಸಿ, ಮನ್ಮಾಡ್ ಮೇಲಿಂದ ಬರುವ ರೈಲಿನಲ್ಲಿ ಕಳಿಸಿದ್ದರು. ರಾಕರ್ ಅಂದರೆ ಇಂಜಿನ್ನಿನ ನೆತ್ತಿಯ ಮೇಲೆ ಸಾಲಾಗಿ ಕೂತಿರುವ ಪುಟ್ಟ ಪುಟ್ಟ ಏತಗಳು. ಒಂದು ತುದಿ ಎದ್ದರೆ ಇನ್ನೊಂದು ತುದಿ ವಾಲ್ವನ್ನು ಒತ್ತಿ ತೆರೆಯುತ್ತದೆ.

“ಹಳೇವ್ಕಿಂತ ಹಗುರ ಅವ. ವಾಲ್ವ್ ಇನ್ನಷ್ಟು ತೆರೀತಾವ, ಇಂಜಿನ್ ಎದಿತುಂಬ ಉಸಿರು ತೊಗೊಂತದ,” ಅಂದ ಅಪ್ಪ. “ಕನ್ನಡ ಅಂತ ಊರದಲ್ಲ, ಅದನ್ನ ದಾಟಿದ ಮ್ಯಾಲಿನ ಘಾಟ್ ಹೆಂಗ ಏರ್ತದ ನೋಡು. ಮೊದಲನೇ ಸಲ ನೀನೇ ನನ್ನ ಬಾಜೂ ಕೂಡಬೇಕು, ಶಾಂತವ್ವಾ.”

ನನಗೇ ಅಂದದ್ದು. ಗಿರಿಜಾ ಅಲ್ಲೇ ಇದ್ದಳು, ಕೇಳಿಸಿಕೊಂಡಳು. ನನಗೆ ಸ್ವರ್ಗ ಮೂರೇ ಗೇಣು.

ನಮ್ಮ ಮನೆಗೆ ಹೊಸ ವಸ್ತು ಏನೇ ಬರಲಿ, ಮೊದಲು ಅಜ್ಜಿಯ ಕೈಗೆ ಹೋಗಬೇಕು. ಅಜ್ಜಿ ರಾಕರ್‌ಗಳನ್ನು ಹಿತ್ತಾಳೆ ತಟ್ಟೆಯಲ್ಲಿ ಜೋಡಿಸಿ, ವಿಭೂತಿ ಕಲಸಿ, ಒಂದೊಂದಕ್ಕೂ ಮೂರು ಬೆರಳಿನಿಂದ ದಪ್ಪಗೆ ಬಳಿದಳು. “ತೊಳಿಬ್ಯಾಡ ಮತ್ತ, ಅಪಶಕುನ” ಎಂದು ಅಪ್ಪನಿಗೆ ತಾಕೀತು ಬೇರೆ. ಅಪ್ಪ ಅವಳ ಕಣ್ಣು ತಪ್ಪಿಸಿ ಮೇಲೆ ಮೇಲೆ ಒರೆಸಿ, ಹಾಗೇ ಕೂಡಿಸಿದ.

ಇಂಜಿನ್ ಶುರುವಾಯಿತು. ಆದರೆ ಒಳಗೆಲ್ಲೋ ಒಂದು ಕಿರಕಿರಿ. ಅಪ್ಪ ಮುಚ್ಚಳ ತೆಗೆದು ರಾಕರ್‌ಗಳ ಸಂದು ಅಳೆದ, ತಿರುಪು ತಿರುಗಿಸಿದ, ಮತ್ತೆ ಮುಚ್ಚಿದ. ಕಿರಕಿರಿ ಹಾಗೇ ಇತ್ತು. ಊಟಕ್ಕೂ ಏಳಲಿಲ್ಲ, ರೊಟ್ಟಿ, ಸೇಂಗಾ ಚಟ್ನಿಪುಡಿ ತಟ್ಟೆಯಲ್ಲಿ ಹಾಗೇ ಉಳಿದವು. ಮಧ್ಯಾಹ್ನ ಗಿರಿಜಾ ಉದ್ದನೆಯ ಸ್ಕ್ರೂಡ್ರೈವರ್ ತೆಗೆದುಕೊಂಡಳು. ತುದಿಯನ್ನು ಇಂಜಿನ್ ಮುಚ್ಚಳಕ್ಕಿಟ್ಟು, ಮರದ ಹಿಡಿಗೆ ಕಿವಿ ಆನಿಸಿದಳು. ಅಪ್ಪ ಹಾಗೆ ಮಾಡುವುದನ್ನು ಅವಳು ನೋಡಿದ್ದು ಬೆಳಿಗ್ಗೆಯಷ್ಟೇ.

“ಕಾಕಾ, ಮುಂದಿಂದ ಮೂರನೇದು. ಸಡಿಲಾದ ಸದ್ದಲ್ರಿ ಇದು, ಒಣಗಿದ್ದರ ಸದ್ದು.”

ಬಿಚ್ಚಿ ನೋಡಿದರೆ ಮೂರನೇ ರಾಕರಿನ ಎಣ್ಣೆ ತೂತಿನಲ್ಲಿ ವಿಭೂತಿ ಗಟ್ಟಿಯಾಗಿ ಕೂತಿತ್ತು! ಸೂಜಿಯಿಂದ ಚುಚ್ಚಿದಾಗ ಬಿಳೀ ಪುಡಿ ಉದುರಿತು. “ದೇವರ ಬೂದಿ ಎಲ್ಲ್ಯಾರ ಕೆಡಸ್ತದೇನೋ?” ಎಂದು ಅಜ್ಜಿ ಜಗಳಕ್ಕೇ ನಿಂತಳು. ಅಪ್ಪ ನಕ್ಕೂ ನಕ್ಕೂ ಕಣ್ಣೊರೆಸಿಕೊಂಡು ಗಿರಿಜಾಳ ತಲೆ ಸವರಿದ. “ಏನ್ ಕಿವಿನೇ ನಿಂದು! ಘಾಟಿಗೆ ನೀನೇ ಮುಂದ ಕೂಡವ್ವ. ಸದ್ದು ಕೇಳಿ ಹೇಳೂವಂತಿ.”

ನನಗೆ ಕೊಟ್ಟ ಮಾತು ಅವನಿಗೆ ನೆನಪೂ ಆಗಲಿಲ್ಲ. ನೆನಪಿಸಲು ನನಗೆ ಕನ್ನಡವೂ ಹೊಳೆಯಲಿಲ್ಲ, ಮರಾಠಿಯೂ ಹೊಳೆಯಲಿಲ್ಲ.

ಘಾಟಿಗೆ ಹೋದ ದಿನ ಹಿಂದಿನ ಸೀಟಿನಲ್ಲಿ ಅವ್ವ, ನಾನು, ಲಿಂಬೆಹಣ್ಣು ಮೂಸುತ್ತ ನನ್ನ ಹೆಗಲಿಗೊರಗಿದ ಅಜ್ಜಿ. ಗಾಡಿ ಕೆಟ್ಟು ನಿಲ್ಲಲಿ ಎಂದು ಕಂಡ ದೇವರಿಗೆಲ್ಲ ಬೇಡಿಕೊಂಡೆ. ಹಾಳಾದ್ದು, ಏದುಸಿರು ಬಿಡುವ ಲಾರಿಗಳನ್ನೆಲ್ಲ ಹಿಂದೆ ಹಾಕಿ ಸಲೀಸಾಗಿ ಏರಿತು. ತಿರುವು ತಿರುವಿಗೂ ಅಪ್ಪ, “ಹೆಂಗದನೇ?” ಅನ್ನುವುದು, ಅವಳು “ಛಲೋ ಅದರಿ ಕಾಕಾ” ಅನ್ನುವುದು. ಅವನು ಒಮ್ಮೆಯೂ ಹಿಂದೆ ತಿರುಗಿ ನೋಡಲಿಲ್ಲ.

ರಜೆ ಮುಗಿದು ಅವಳು ಹೋದಳು. ಮುಂದಿನ ಸೀಟು ಮತ್ತೆ ನನ್ನದಾಯಿತು. ಆದರೆ ಇಂಜಿನ್ನಿನಲ್ಲಿ ಸಣ್ಣ ಸದ್ದು ಬಂದರೂ ಅಪ್ಪ, “ಗಿರಿಜಾ ಇರಬೇಕಿತ್ತು ನೋಡು” ಅನ್ನುತ್ತಿದ್ದ. ಅಂಥಾ ಸೀಟು ಸಿಕ್ಕಿ ಏನು ಬಂತು?

ಆ ಕಾರು ಹೋಗಿ, ಅಪ್ಪ ಹೋಗಿ ಎಷ್ಟೋ ಕಾಲವಾಯಿತು. ಈಗ ನನ್ನ ಮಗನ ಕಾರಿನ ಬಾನೆಟ್ ಎತ್ತಿದರೆ ಕರೀ ಪ್ಲಾಸ್ಟಿಕ್ ಹೊದಿಕೆ ಬಿಟ್ಟು ಏನೂ ಕಾಣುವುದಿಲ್ಲ. ಅದಕ್ಕೆ ನನಗೇನೂ ದುಃಖವಿಲ್ಲ. ಅಪ್ಪನ ಫೋಟೊಗಳಿವೆ, ಮುಖ ಮರೆತಿಲ್ಲ. ದನಿ ಮಾತ್ರ ಮರೆತುಹೋಗಿದೆ. ಎಷ್ಟು ತಡಕಾಡಿದರೂ ನೆನಪಿಗೆ ಬರುವುದಿಲ್ಲ.

ಮೊನ್ನೆ ಗಿರಿಜಾ ಬಂದಿದ್ದಾಗ ಇದನ್ನು ಹೇಳಿದೆ. ಅವಳು ಗಂಟಲು ಸರಿಮಾಡಿಕೊಂಡು, “ಶಾಂತವ್ವಾ…” ಎಂದು ಕರೆದಳು. ಅಪ್ಪನೇ! ಕೊನೆಯ ಅಕ್ಷರವನ್ನು ಸ್ವಲ್ಪ ಮೇಲಕ್ಕೆಳೆಯುವ ಅದೇ ದನಿ.

ಎದೆಯಲ್ಲಿ ಹಳೇ ಬೆಂಕಿ ಭಗ್ಗೆಂದಿತು. ಕರೆದದ್ದು ನನ್ನನ್ನು, ಆ ದನಿ ಹೋಗಿ ಕೂತದ್ದು ಇವಳ ಕಿವಿಯಲ್ಲಿ! ಎಂಥ ಅನ್ಯಾಯ ಇದು. ಅವಳ ಕೈ ಹಿಡಿದುಕೊಂಡು, “ಇನ್ನೊಮ್ಮಿ ಕರಿಯೇ, ಗಿರಿಜಾ” ಅಂದೆ.